ಬಂದೂಕಿನ ಹಕ್ಕು ಮತ್ತು ನಾಗರಿಕನ ಸ್ವಾತಂತ್ರ್ಯ

(ಸೂಲಿಬೆಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಲ್ಲಿಯಾದರೂ ಗಲಭೆಯಾದ ಸುದ್ದಿ ಬಂದಾಗ ನಮ್ಮ ಯುವಕರು ಒಂದು ಪ್ರಶ್ನೆ ಕೇಳುತ್ತಾರೆ. ಪೊಲೀಸರು ಸಕಾಲದಲ್ಲಿ ಬಾರದಿದ್ದರೆ ಮನೆಮಂದಿಯನ್ನು ಕಾಪಾಡುವವರು ಯಾರು? ಅಮೆರಿಕದವರಿಗಿರುವಂತೆ ಬಂದೂಕಿನ ಹಕ್ಕು ನಮಗೇಕಿಲ್ಲ? ಈ ಪ್ರಶ್ನೆಯ ಹಿಂದೆ ಭಯವಿದೆ. ಗದರಿಸಿ ಬಾಯಿ ಮುಚ್ಚಿಸುವುದು ಉತ್ತರವಲ್ಲ.

ಇದು ನಮ್ಮ ನಾಡಿಗೆ ಹೊಸ ಪ್ರಶ್ನೆಯೂ ಅಲ್ಲ. 1857ರಲ್ಲಿ ಬ್ರಿಟಿಷರು ಜನರನ್ನು ನಿರಾಯುಧರನ್ನಾಗಿಸಲು ಹೊರಟಾಗ ಮುಧೋಳ ಸಮೀಪದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಸೇನೆ ಊರಿನ ಮೇಲೆ ಬಿದ್ದಿತು. 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಬೇಟೆಯಿಂದ ಬದುಕುವವರಿಗೆ ಆಯುಧವೇ ಅನ್ನ, ಅದೇ ಮಾನ. ಮುಂದೆ ಲಿಟ್ಟನ್ ಕಾಲದಲ್ಲಿ ಬಂದ 1878ರ ಕಾಯ್ದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಐರೋಪ್ಯರಿಗೆ ವಿನಾಯಿತಿ ನೀಡಿತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಮಂಗಳೂರು ಮೂಲದ ಎಚ್.ವಿ. ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಅಂತಹ ಹಕ್ಕು ಕಳ್ಳಕಾಕರ ಕೈಗೂ ಸಿಗುತ್ತದೆಂಬುದು ಅವರ ಆತಂಕವಾಗಿತ್ತು. ಇಂದು ಸಂವಿಧಾನದ 19ನೆಯ ವಿಧಿಯು ನಮಗೆ ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಕೊಟ್ಟಿದೆ.

ಹಾಗಿದ್ದರೆ ಕೊಡಗಿನವರಿಗೆ ಹೇಗೆ ಎಂದು ಕೇಳುವಿರಿ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೋದ್ ಹಬ್ಬದಂದು ಅವರು ಕೋವಿಗೆ ಪೂಜೆ ಸಲ್ಲಿಸುತ್ತಾರೆ. ಅವರ ಮೇಲೆ ನನಗೆ ಅಸೂಯೆಯಿಲ್ಲ. ಆದರೆ ಅದು ಸರಕಾರ ನೀಡಿದ, ಅವಧಿಯುಳ್ಳ ವಿನಾಯಿತಿ. ಕೊಟ್ಟವರು ಹಿಂಪಡೆಯಲೂಬಹುದು.

ಅಮೆರಿಕದಲ್ಲಿ 1791ರಿಂದ ಈ ಹಕ್ಕು ಸಂವಿಧಾನದಲ್ಲಿಯೇ ಇದೆ. ಆದರೂ 1967ರಲ್ಲಿ ಕ್ಯಾಲಿಫೋರ್ನಿಯಾದ ಕಪ್ಪು ಯುವಕರು ಗುಂಡು ತುಂಬಿದ ಬಂದೂಕು ಹಿಡಿದು ಪೊಲೀಸರ ಮೇಲೆ ನಿಗಾ ಇಡತೊಡಗಿದಾಗ, ಹಾಗೆ ಬಂದೂಕು ಒಯ್ಯುವುದನ್ನು ನಿಷೇಧಿಸುವ ಕಾನೂನಿಗೆ ಗವರ್ನರ್ ರೇಗನ್ ಸಹಿ ಹಾಕಿದರು. ಕಾಗದದ ಮೇಲೆ ಎಲ್ಲರಿಗೂ ಇದ್ದ ಹಕ್ಕು, ದುರ್ಬಲರು ಬಳಸಿದೊಡನೆ ಅಪರಾಧವಾಯಿತು! ನಮ್ಮ ಮೊಹಲ್ಲಾದ ಒಂದು ಮನೆಯಲ್ಲಿ ನಾಡಬಂದೂಕು ಸಿಕ್ಕಿದರೆ ಮರುದಿನ ಇಡೀ ಸಮುದಾಯಕ್ಕೆ ಯಾವ ಹೆಸರು ಬರುವುದೆಂದು ನಾನು ಹೇಳಬೇಕಾಗಿಲ್ಲ. ಪರವಾನಗಿಯಿಲ್ಲದ ಬಂದೂಕಿಗೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು. ಅದರಿಂದ ಕಾಪಾಡಬೇಕೆಂದಿದ್ದ ತಾಯಿ, ಮಡದಿ, ಮಕ್ಕಳೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಪ್ರವಾದಿವರ್ಯರು(ಸ) ಆಯುಧದ ವಿಷಯದಲ್ಲಿ ಎಷ್ಟು ಎಚ್ಚರ ಕಲಿಸಿದರೆಂಬುದನ್ನು ನೆನೆಯಿರಿ. ಮಸೀದಿಯಲ್ಲಾಗಲಿ ಸಂತೆಯಲ್ಲಾಗಲಿ ಬಾಣ ಒಯ್ಯುವವನು ಯಾರಿಗೂ ತಾಗದಂತೆ ಅದರ ಮೊನೆಯನ್ನು ಹಿಡಿದುಕೊಳ್ಳಬೇಕು. ಒರೆಯಿಂದ ಹಿರಿದ ಕತ್ತಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಪಡೆಯಬಾರದು. ಇಂದು ಮದುವೆ ಮೆರವಣಿಗೆಯಲ್ಲಿ ತಲವಾರು ಝಳಪಿಸುತ್ತಾ ಫೋಟೋ ತೆಗೆಸಿಕೊಳ್ಳುವವರು ಈ ಹದೀಸ್‌ಗಳನ್ನು ಒಮ್ಮೆ ಓದಲಿ.

ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಅದನ್ನು ವಿವರಿಸುತ್ತವೆ: ರಕ್ಷಣೆಗೆ ಬೇಕಾದಷ್ಟೇ ಬಲ ಪ್ರಯೋಗಿಸಬಹುದು, ಹೆಚ್ಚಲ್ಲ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು 22ನೆಯ ವಿಧಿ ಹೇಳುತ್ತದೆ. ಠಾಣೆಯಲ್ಲಿ ದೂರು ದಾಖಲಿಸಲು ಒಪ್ಪದಿದ್ದರೆ ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಲೇಬೇಕು. ಕೇಳಿ ಪಡೆಯಿರಿ, ಮನೆಯಲ್ಲಿ ಜೋಪಾನವಾಗಿಡಿ.