ಕೆಂಪು ಮಹಲಿನ ಜಮಾ-ಖರ್ಚು



ಇವತ್ತು ನಾನು ಆರಿಸಿಕೊಂಡಿರುವುದು ಚೀನಾದ 'ಹೊಂಗ್ ಲೌ ಮೆಂಗ್', ಅಂದರೆ 'ಕೆಂಪು ಮಹಲಿನ ಕನಸು'. ಬರೆದವನು 18ನೇ ಶತಮಾನದ ತ್ಸಾವ್ ಶ್ವೆಚಿನ್. ಅವನ ಮನೆತನ ನಾನ್‌ಜಿಂಗ್‌ನಲ್ಲಿ ಅರಮನೆಯ ರೇಷ್ಮೆ ನೇಯ್ಗೆಯ ಉಸ್ತುವಾರಿ ನೋಡುತ್ತಿತ್ತು. ಆಮೇಲೆ ಆಸ್ತಿಯೆಲ್ಲ ಮುಟ್ಟುಗೋಲಾಗಿ, ಇವನು ಬೀಜಿಂಗ್‌ನಲ್ಲಿ ಬಡತನದಲ್ಲೇ ಕಾದಂಬರಿ ಬರೆದ. ಮೊದಲು 80 ಅಧ್ಯಾಯಗಳು ಕೈಬರಹದಲ್ಲಿ ಓಡಾಡಿದವು. 1791ರಲ್ಲಿ 120 ಅಧ್ಯಾಯವಾಗಿ ಅಚ್ಚಾಯಿತು. ಕೊನೆಯ 40 ಯಾರು ಬರೆದದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ.

ಇದನ್ನು ಬಾವ್‌ಯು, ದಾಯ್‌ಯು, ಬಾವ್‌ಚಾಯ್ ಎಂಬ ಮೂವರ ಪ್ರೇಮಕಥೆ ಎಂದೇ ಪರಿಚಯಿಸುತ್ತಾರೆ. ಅಷ್ಟೇ ಆಗಿದ್ದರೆ ಹಾಕ್ಸ್ ಮತ್ತು ಮಿನ್‌ಫೋರ್ಡ್ ಮಾಡಿರುವ ಇಂಗ್ಲಿಷ್ ಅನುವಾದದ ಐದು ಸಂಪುಟ ನಾನಂತೂ ಮುಗಿಸುತ್ತಿರಲಿಲ್ಲ. ನನ್ನನ್ನು ಹಿಡಿದಿಟ್ಟದ್ದು ಆ ಮನೆಯ ದುಡ್ಡಿನ ವ್ಯವಹಾರ.

ಮನೆ ನಡೆಸುವವಳು ಸೊಸೆ ಶೀಫೆಂಗ್. ಓದು ಬರಹ ಅಷ್ಟಕ್ಕಷ್ಟೆ, ಲೆಕ್ಕ ಮಾತ್ರ ನಾಲಿಗೆಯ ತುದಿಯಲ್ಲಿ. ಮನೆಯವರ ತಿಂಗಳ ಹಣ, ದಾಸಿಯರ ಸಂಬಳ ಎರಡನ್ನೂ ತಡಮಾಡುತ್ತಾಳೆ. ಆ ಹಣ ಹೊರಗೆ ಬಡ್ಡಿಗೆ ಹೋಗಿರುತ್ತದೆ. (ಸಂಬಳ ಒಂದು ದಿನ ತಡವಾದರೆ ನಮ್ಮ ಆಫೀಸುಗಳಲ್ಲಿ ಏನಾಗುತ್ತದೆ, ನಿಮಗೇ ಗೊತ್ತು!) ಲೇಖಕ ಇದನ್ನು ಡಂಗುರ ಸಾರುವುದಿಲ್ಲ. ಇಬ್ಬರು ದಾಸಿಯರ ಗುಟ್ಟಿನ ಮಾತಿನಲ್ಲಿ ಹೇಳಿಸಿ ಮುಂದೆ ಹೋಗುತ್ತಾನೆ.

ಅದೇ ಅಧ್ಯಾಯದಲ್ಲಿ ಹಳ್ಳಿಯ ಲ್ಯೂ ಅಜ್ಜಿ ಬರುತ್ತಾಳೆ. ಒಂದು ಏಡಿ ಊಟದ ಖರ್ಚು ಕೂಡಿಸಿ ನೋಡಿದರೆ 20ಕ್ಕೂ ಹೆಚ್ಚು ಟೇಲ್ ಬೆಳ್ಳಿ. ಅಷ್ಟರಲ್ಲಿ ರೈತರ ಮನೆ ವರ್ಷವಿಡೀ ನಡೆಯುತ್ತದೆ ಅನ್ನುತ್ತಾಳೆ. ಮುಂದೆ ಬದನೆಕಾಯಿ ತಿಂದು, ಇದು ಬದನೆಕಾಯಿಯೇ ಅಲ್ಲ ಎಂದು ವಾದಿಸುತ್ತಾಳೆ. ಅದಕ್ಕೆ ಹತ್ತಾರು ಕೋಳಿಯ ಸಾರ ಇಳಿದಿರುತ್ತದೆ. ಮನೆಯವರಿಗೆ ಅಜ್ಜಿ ಒಂದು ತಮಾಷೆ. ಓದುವವರಿಗೆ ಮಾತ್ರ ಆಕೆಯ ಲೆಕ್ಕ ಮರೆಯುವುದಿಲ್ಲ.

ಇನ್ನು ಚಿಂಗ್‌ವೆನ್ ಎಂಬ ದಾಸಿ. ಜ್ವರದಲ್ಲೇ ರಾತ್ರಿಯಿಡೀ ಕೂತು ಬಾವ್‌ಯುವಿನ ನವಿಲುಗರಿ ನೂಲಿನ ಮೇಲಂಗಿಯ ತೂತು ನೇಯ್ದು ಮುಚ್ಚುತ್ತಾಳೆ. ಮುಂದೆ ಸುಳ್ಳು ಅನುಮಾನದ ಮೇಲೆ ಅವಳನ್ನು ಮನೆಯಿಂದ ಹೊರಗೆ ಹಾಕುವಾಗ ಇವನು ತುಟಿ ಬಿಚ್ಚುವುದಿಲ್ಲ. ಸತ್ತ ಮೇಲೆ ಉದ್ದನೆಯ ಶೋಕಗೀತೆ ಬರೆಯುತ್ತಾನೆ. ಗೀತೆ ಸೊಗಸಾಗಿದೆ, ದುಃಖವೂ ಸುಳ್ಳಲ್ಲ. ಆದರೂ ಆ ಮೌನವನ್ನು ಲೇಖಕ ಅಳಿಸುವುದಿಲ್ಲ. ನನ್ನ ಮಟ್ಟಿಗೆ ಕಾದಂಬರಿಯ ಎತ್ತರ ಇರುವುದು ಅಲ್ಲಿ.

ಐದು ಸಂಪುಟ ಎಂದು ಹೆದರಬೇಡಿ. ಅಜ್ಜಿ ಬರುವ 39ನೇ ಅಧ್ಯಾಯದಿಂದ ಮೂರು ಅಧ್ಯಾಯ ಓದಿ ನೋಡಿ. ಕೊನೆಗೆ ಮನೆ ಮುಳುಗಿದಾಗ ಶೀಫೆಂಗಳ ಮಗಳನ್ನು ಕಾಪಾಡಲು ಬರುವವಳೂ ಅದೇ ಅಜ್ಜಿ.