ಸಿಇಟಿ ಗಣಿತ: ತಪ್ಪಿದ ಲೆಕ್ಕವೇ ಗುರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಸಂಭ್ರಮದಲ್ಲಿ ನಾಲ್ಕು ಮಾತಾಡಲು ಕರೆದಿದ್ದೀರಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಆದ್ದರಿಂದ ನನಗೆ ತಿಳಿದ ವಿಷಯವನ್ನೇ ಹೇಳುತ್ತೇನೆ. ಇಲ್ಲಿಂದ ಹೋಗಿ ಪಿಯುಸಿ ವಿಜ್ಞಾನ ಓದುವ ಮಕ್ಕಳು ಸಿಇಟಿಯಲ್ಲಿ ಗಣಿತದ ಅಂಕ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ತಂದೆ ತಾಯಂದಿರಿಗಾಗಿ ಮೊದಲು ಪರೀಕ್ಷೆಯ ಸ್ವರೂಪ ಹೇಳಿಬಿಡುತ್ತೇನೆ. ಗಣಿತದಲ್ಲಿ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಂದು ಪ್ರಶ್ನೆಗೆ ಸರಾಸರಿ 80 ಸೆಕೆಂಡು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಸರಿಯಾದುದನ್ನು ಆರಿಸಿ ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯುಸಿ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ಪಿಯುಸಿಯದು ಒಟ್ಟು 300, ಸಿಇಟಿಯದು 180. ಹಾಗಾಗಿ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಮಕ್ಕಳು ಇದನ್ನು ನೆನಪಿಡಬೇಕು.

ನನ್ನ ತಂಗಿಯ ಮಗಳು ಇದೇ ಶಾಲೆಯಲ್ಲಿ ಓದಿದವಳು. ಪಿಯುಸಿ ಪಾಸಾದಳು, ಆದರೆ ಸಿಇಟಿ ಗಣಿತದಲ್ಲಿ ಅವಳಿಗೆ ಬಂದದ್ದು 60ಕ್ಕೆ 23. ಸರ್ಕಾರಿ ಕಾಲೇಜಿನ ಸೀಟು ಸಿಗಲಿಲ್ಲ. ಹೆಚ್ಚು ಫೀಸು ಕಟ್ಟುವ ಶಕ್ತಿ ಮನೆಗಿರಲಿಲ್ಲ. ಇನ್ನೊಂದು ವರ್ಷ ಕೂರಿಸುವುದೋ, ಮದುವೆ ಮಾಡುವುದೋ ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ನಾನು ಹೋದಾಗ ಅವಳು ತಲೆ ತಗ್ಗಿಸಿಕೊಂಡು, "ನಂಗೆ ಲೆಕ್ಕ ತಲೆಗೇ ಹತ್ತಲ್ಲ ಮಾವ" ಅಂದಳು.

ಅವಳ ಪ್ರಶ್ನೆಪತ್ರಿಕೆ ತರಿಸಿದೆ. ಅಂಕ ಹೋದ 37 ಪ್ರಶ್ನೆಗಳನ್ನು ಇಬ್ಬರೂ ಕೂತು ಮೂರು ಗುಂಪು ಮಾಡಿದೆವು. ಪಾಠವೇ ಗೊತ್ತಿಲ್ಲದೆ ತಪ್ಪಿದ್ದು 12. ದಾರಿ ಗೊತ್ತಿದ್ದೂ ಚಿಹ್ನೆಯಲ್ಲೋ ಗುಣಾಕಾರದಲ್ಲೋ ಎಡವಿದ್ದು 11. ಉತ್ತರವನ್ನೇ ತುಂಬದೆ ಖಾಲಿ ಬಿಟ್ಟಿದ್ದು 14. ಅಂದರೆ 25 ಅಂಕ ಹೋದದ್ದು ಲೆಕ್ಕ ತಲೆಗೆ ಹತ್ತದೆ ಅಲ್ಲ. ಅವಸರ, ಹೆದರಿಕೆ, ಅಭ್ಯಾಸದ ಕೊರತೆಯಿಂದ. ಅದನ್ನು ನೋಡಿದ ಮೇಲೆ ಭಾವ ಒಂದು ವರ್ಷ ಕೊಡಲು ಒಪ್ಪಿದರು.

ಆ ವರ್ಷ ಅವಳು ಮಾಡಿದ್ದು ಮೂರು ಕೆಲಸ.

ಒಂದು, ತಪ್ಪಿದ ಲೆಕ್ಕಗಳಿಗೇ ಬೇರೆ ನೋಟ್‌ಬುಕ್ ಇಟ್ಟಳು. ಇದು ನನ್ನ ಬುದ್ಧಿಯಲ್ಲ. ನಮ್ಮ ಗಣಿತದ ಮೇಷ್ಟ್ರು ಲೆಕ್ಕ ತಪ್ಪಿದರೆ ಅಡ್ಡಗೆರೆ ಎಳೆಯುತ್ತಿರಲಿಲ್ಲ. ಎಲ್ಲಿ ತಪ್ಪಿತೋ ಆ ಸಾಲಿನ ಪಕ್ಕ ಚುಕ್ಕೆ ಇಟ್ಟು, "ಇಲ್ಲಿಂದ ಮಾಡು" ಅನ್ನುತ್ತಿದ್ದರು. ಅವಳೂ ಹಾಗೆಯೇ ತಪ್ಪಿದ ಸಾಲು, ಕಾರಣ, ಸರಿಯಾದ ಸಾಲು ಬರೆದಿಟ್ಟಳು. ಒಂದು ವಾರದ ನಂತರ ಅದೇ ಲೆಕ್ಕವನ್ನು ನೋಡದೆ ಮತ್ತೆ ಮಾಡಿದಳು. ಎರಡು ತಿಂಗಳಿಗೆ ಒಂದು ವಿಷಯ ಗೊತ್ತಾಯಿತು. ಅನುಕಲನದ ಲೆಕ್ಕ ಎಂದು ನಾವು ಅಂದುಕೊಂಡಿದ್ದ ಎಷ್ಟೋ ತಪ್ಪುಗಳು ಪ್ರೌಢಶಾಲೆಯ ಬೀಜಗಣಿತದ ತಪ್ಪುಗಳಾಗಿದ್ದವು. ಎರಡು ಸಂಖ್ಯೆ ಕೂಡಿಸಿ ವರ್ಗ ಮಾಡುವುದೂ, ವರ್ಗ ಮಾಡಿ ಕೂಡಿಸುವುದೂ ಒಂದೇ ಅಲ್ಲ. 3 ಮತ್ತು 4 ಇಟ್ಟು ನೋಡಿ: ಮೊದಲನೆಯದು 49, ಎರಡನೆಯದು 25. ಅವಳು ನಾಚಿಕೆಪಡದೆ ಒಂಬತ್ತು, ಹತ್ತನೇ ತರಗತಿಯ ಪುಸ್ತಕ ಮತ್ತೆ ತೆಗೆದಳು.

ಎರಡು, ಕೊಟ್ಟ ಉತ್ತರಗಳನ್ನು ಪರೀಕ್ಷಿಸುವುದು ಕಲಿತಳು. 1×2 + 2×3 + 3×4 ಹೀಗೆ ಎನ್ ಪದಗಳ ಮೊತ್ತಕ್ಕೆ ಸೂತ್ರ ಯಾವುದು ಎಂದು ಕೇಳಿದರೆ, ಸೂತ್ರ ಮರೆತರೂ ಹೆದರಬೇಕಿಲ್ಲ. ಒಂದು ಪದವಾದರೆ ಮೊತ್ತ 2, ಎರಡಾದರೆ 8, ಮೂರಾದರೆ 20. ಎನ್ ಜಾಗದಲ್ಲಿ 1, 2, 3 ಇಟ್ಟಾಗ ಈ ಮೊತ್ತ ಕೊಡದ ಉತ್ತರಗಳನ್ನು ಹೊಡೆದುಹಾಕಿದರೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ. ಇದು ಮೋಸವಲ್ಲ, ತಾಳೆ ನೋಡುವ ಕ್ರಮ.

ಮೂರು, ಪ್ರತಿ ಭಾನುವಾರ ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬರೆದಳು. ಕ್ಯಾಲ್ಕುಲೇಟರ್ ಮುಟ್ಟಲಿಲ್ಲ, ಪರೀಕ್ಷೆಯಲ್ಲೂ ಅದಕ್ಕೆ ಅವಕಾಶವಿಲ್ಲ. 80 ನಿಮಿಷವನ್ನು ಮೂರು ಸುತ್ತು ಮಾಡಿಕೊಂಡಳು. ಮೊದಲ 45 ನಿಮಿಷ ನೋಡಿದ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳಿಗೆ. ಮುಂದಿನ 25 ನಿಮಿಷ ಉದ್ದದ ಲೆಕ್ಕಗಳಿಗೆ. ಕೊನೆಯ 10 ನಿಮಿಷ ಒಂದೂ ಖಾಲಿ ಉಳಿಯದಂತೆ ತುಂಬುವುದಕ್ಕೆ. ಗೊತ್ತಿಲ್ಲದ ಪ್ರಶ್ನೆಯಲ್ಲಿ ಎರಡು ಉತ್ತರ ಹೊಡೆದುಹಾಕಲು ಸಾಧ್ಯವಾದರೆ, ಉಳಿದ ಎರಡರಲ್ಲಿ ಒಂದನ್ನು ತುಂಬಿದರೂ ಅರ್ಧ ಭರವಸೆ ಇದ್ದೇ ಇದೆ. ಆದರೆ ಜೆಇಇಯಂಥ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ. ಅಲ್ಲಿ ಹೀಗೆ ಕಣ್ಣುಮುಚ್ಚಿ ತುಂಬಬಾರದು.

ಮುಂದಿನ ವರ್ಷ ಅವಳಿಗೆ 60ಕ್ಕೆ 41 ಬಂತು. ಅದು ದೊಡ್ಡ ರ‍್ಯಾಂಕೇನೂ ಅಲ್ಲ, ಪತ್ರಿಕೆಯಲ್ಲಿ ಫೋಟೋ ಬರಲಿಲ್ಲ. ಆದರೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಸೀಟು ಸಿಕ್ಕಿತು. ಈಗ ಮೂರನೇ ವರ್ಷದಲ್ಲಿದ್ದಾಳೆ.

ಕೊನೆಯದಾಗಿ ಒಂದು ಬೇಡಿಕೆ. ಅವಳಿಗೆ ಗಣಿತ ಬಲ್ಲ ಮಾವನಿದ್ದ. ಎಲ್ಲ ಮಕ್ಕಳಿಗೂ ಇರುವುದಿಲ್ಲ. ಮನೆಯಲ್ಲಿ ಟಿವಿ, ದನಕರು, ಬಂದು ಹೋಗುವ ನೆಂಟರ ನಡುವೆ 80 ನಿಮಿಷ ಒಂದೇ ಸಮನೆ ಕೂರುವ ಜಾಗವೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ಶಾಲೆಯ ಒಂದು ಕೊಠಡಿಯನ್ನು, ಇಲ್ಲಿಂದ ಹೋಗಿ ಪಿಯುಸಿ ಓದುತ್ತಿರುವ ಮಕ್ಕಳಿಗೆ ತೆರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ಗೋಡೆ ಗಡಿಯಾರ, ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಖರ್ಚು ನನ್ನದು. ತಿಂಗಳಿಗೊಂದು ಭಾನುವಾರ ಬಂದು ಕೂರುತ್ತೇನೆ. ಉಳಿದ ಭಾನುವಾರಗಳನ್ನು ಇಲ್ಲಿ ಕೂತಿರುವ ಎಂಜಿನಿಯರುಗಳೂ ಶಿಕ್ಷಕರೂ ಹಂಚಿಕೊಳ್ಳಬೇಕು.

ತಂದೆ ತಾಯಂದಿರೇ, ಮಕ್ಕಳಿಗೆ ಅಂಕ ಕಡಿಮೆ ಬಂದರೆ "ನಿನಗೆ ಲೆಕ್ಕ ಬರಲ್ಲ" ಎನ್ನಬೇಡಿ. "ಎಲ್ಲಿ ತಪ್ಪಿತು, ತೋರಿಸು" ಎನ್ನಿ. ನಮ್ಮ ಮೇಷ್ಟ್ರು ನಮಗೆ ಅದನ್ನೇ ಕಲಿಸಿದ್ದು.