ಗೋದಲಿಯ ಸಮರಗಾನ



ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಕ್ರಿಸ್ತಜಯಂತಿಯ ಒಂದು ಗಾನದ ವಿಚಾರವಾಗಿ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ. ಕ್ರಿಸ್ಮಸ್ ಗೀತೆಯೆಂದೊಡನೆ ನಮ್ಮ ನೆನಪಿಗೆ ಬರುವುದು ಜೋಗುಳ. ಈ ಗಾನವಾದರೋ ಯುದ್ಧಗೀತೆ.

ಅದರ ಕವಿ ಇಂಗ್ಲೆಂಡಿನ ಯೇಸುಸಭೆಯ ಗುರು ರಾಬರ್ಟ್ ಸೌತ್‌ವೆಲ್. ವಿದೇಶದಲ್ಲಿ ದೀಕ್ಷೆ ಪಡೆದ ಕಥೋಲಿಕ ಗುರುವು ಆ ನಾಡಿನಲ್ಲಿರುವುದೇ ರಾಜದ್ರೋಹವೆಂದು 1585ರ ಕಾನೂನು ಸಾರಿತ್ತು. ಅದನ್ನರಿತೂ ಅವರು 1586ರಲ್ಲಿ ಗುಟ್ಟಾಗಿ ಸ್ವದೇಶಕ್ಕೆ ಮರಳಿ, ಭಕ್ತರ ಮನೆಗಳಲ್ಲಿ ಅಡಗಿದ್ದು ಸೇವೆ ಸಲ್ಲಿಸಿದರು. 1592ರಲ್ಲಿ ಸೆರೆಸಿಕ್ಕಿ, ಚಿತ್ರಹಿಂಸೆಗೆ ಗುರಿಯಾಗಿ, 1595ರಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ರಕ್ತಸಾಕ್ಷಿಯಾದರು. 1970ರಲ್ಲಿ ಜಗದ್ಗುರು ಆರನೆಯ ಪೌಲರು 40 ಮಂದಿ ರಕ್ತಸಾಕ್ಷಿಗಳಲ್ಲಿ ಒಬ್ಬರಾಗಿ ಅವರನ್ನು ಸಂತರೆಂದು ಘೋಷಿಸಿದರು.

ಇಂಥವರ ಕವನದಲ್ಲಿ ಯೇಸುಬಾಲರು ಸೈತಾನನ ಮೇಲೆ ದಂಡೆತ್ತಿ ಬರುತ್ತಾರೆ. ಹುಲ್ಲು, ಚಳಿ, ಅಳು — ಕೊಟ್ಟಿಗೆಯ ಬಡತನವೆಲ್ಲವೂ ಅಲ್ಲಿ ಸೈನ್ಯವಾಗುತ್ತದೆ.

ಸುಮಾರು ಮೂರೂವರೆ ಶತಮಾನಗಳ ತರುವಾಯ, 1942ರಲ್ಲಿ, ಬೆಂಜಮಿನ್ ಬ್ರಿಟನ್ ಎಂಬ ಆಂಗ್ಲ ಸಂಗೀತಕಾರರು ಅಮೆರಿಕೆಯಿಂದ ಸ್ವದೇಶಕ್ಕೆ ಹಡಗಿನಲ್ಲಿ ಮರಳುತ್ತಿದ್ದರು. ಅಟ್ಲಾಂಟಿಕ್ ಸಾಗರದಲ್ಲಿ ಆಗ ಜರ್ಮನ್ ಜಲಾಂತರ್ಗಾಮಿಗಳ ಭಯ. ದಾರಿಯಲ್ಲಿ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಕೊಂಡ ಕವನಸಂಗ್ರಹವೊಂದು ಅವರ ಕೈಯಲ್ಲಿತ್ತು. ಅವರು ಕಥೋಲಿಕರಲ್ಲ, ಆಯುಧ ಹಿಡಿಯಲೊಲ್ಲದ ಶಾಂತಿವಾದಿ. ಆ ಪಯಣದಲ್ಲಿಯೇ ಅವರು ಎಳೆಯ ಕಂಠಗಳಿಗೂ ಹಾರ್ಪ್ ವಾದ್ಯಕ್ಕೂ ಹೊಂದುವ 'ಎ ಸೆರಿಮನಿ ಆಫ್ ಕ್ಯಾರಲ್ಸ್' ಎಂಬ ಕೃತಿಯನ್ನು ರಚಿಸತೊಡಗಿ, ಸೌತ್‌ವೆಲ್‌ರ ಈ ಪದ್ಯಗಳನ್ನೂ ಅದರಲ್ಲಿ ಸೇರಿಸಿದರು.

ಅವುಗಳ ಸ್ವರಸಂಯೋಜನೆಯನ್ನು ಗಮನಿಸಿರಿ. ಮೊದಲ ಪದ್ಯವನ್ನು ಎಲ್ಲರೂ ಒಂದೇ ದನಿಯಲ್ಲಿ ಹಾಡುತ್ತಾರೆ. ಎರಡನೆಯದರಲ್ಲಿ ಅದೇ ರಾಗವನ್ನು ಎರಡನೆಯ ಗುಂಪು ಕ್ಷಣಮಾತ್ರ ತಡವಾಗಿ ಹಿಡಿದು ಬೆನ್ನಟ್ಟುತ್ತದೆ; ಮೂರನೆಯದರಲ್ಲಿ ಮೂರು ಗುಂಪುಗಳು. ಕಿವಿಗೆ ರಣರಂಗದ ಗದ್ದಲವೇ ಕೇಳಿಸುತ್ತದೆ. ಪಕ್ಕದವರ ದನಿಗೆ ಬೆದರಿದವನು ತನ್ನ ಸಾಲನ್ನು ಕಳೆದುಕೊಳ್ಳುತ್ತಾನೆ. ಕಡೆಯ ಪದ್ಯದಲ್ಲಿ ಎಲ್ಲ ದನಿಗಳೂ ಒಟ್ಟಾಗಿ ಹೆಜ್ಜೆಯಿಡುತ್ತವೆ. ಖಡ್ಗವನ್ನು ಒಲ್ಲದವರು ರಚಿಸಿದ ಈ ಯುದ್ಧವನ್ನು ಗೆಲ್ಲಿಸಿಕೊಡುವವರು ಮಕ್ಕಳು.

ಈ ಕೃತಿಯ ಆರಂಭದಲ್ಲಿಯೂ ಅಂತ್ಯದಲ್ಲಿಯೂ ಗಾಯಕರು ಮೆರವಣಿಗೆಯಾಗಿ ನಡೆಯುತ್ತ, 'ಇಂದು ಕ್ರಿಸ್ತರು ಜನಿಸಿದರು' ಎಂದು ಸಾರುವ ಪುರಾತನ ಲತೀನ್ ಸ್ತುತಿಯನ್ನು ಹಾಡುತ್ತಾರೆ. ಅದು ಕ್ರಿಸ್ಮಸ್ ಸಂಜೆಯ ಪ್ರಾರ್ಥನೆಯಲ್ಲಿ ನಮ್ಮ ಧರ್ಮಸಭೆ ಹಾಡುತ್ತ ಬಂದಿರುವ ಸ್ತುತಿಯೇ.

ಪ್ರಿಯರೇ, ಗುರುಗಳು ಅಡಗಿ ಸೇವೆ ಸಲ್ಲಿಸಬೇಕಾಗಿದ್ದ ನಾಡೊಂದನ್ನು ನೆನೆದಾಗ, ಘಂಟಾನಾದದೊಡನೆ ಬಾಗಿಲು ತೆರೆಯುವ ನಮ್ಮ ದೇವಾಲಯ ಎಂಥ ವರವೆಂಬುದು ಮನದಟ್ಟಾಗುತ್ತದೆ. ಬರುವ ಕ್ರಿಸ್ಮಸ್ಸಿನಲ್ಲಿ ಗಾಯನವೃಂದದ ಮಕ್ಕಳು ಗೋದಲಿಯ ಮುಂದೆ ನಿಂತಾಗ ಅವರ ಹಾಡನ್ನು ಬರಿಯ ಅಲಂಕಾರವೆಂದು ನಾವು ಎಣಿಸದಿರೋಣ. ಆ ಎಳೆಯ ದನಿಗಳೊಡನೆ ನಮ್ಮ ದನಿಯನ್ನೂ ಕೂಡಿಸೋಣ.

ಯೇಸುಬಾಲರು ನಮ್ಮೆಲ್ಲರನ್ನೂ ಹರಸಲಿ.